‘ಬಾಯ್ಲರ್ ಸ್ಫೋಟ’ ಎಂಬ ಸುಲಭದ ಮಾತು

2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯಲ್ಲಿ ಪ್ರೊಬೇಸ್ ಎಂಟರ್‌ಪ್ರೈಸಸ್ ಎಂಬ ರಾಸಾಯನಿಕ ಕಾರ್ಖಾನೆ ಸಿಡಿಯಿತು. 12 ಜನ ಸತ್ತರು. ಗಾಯಗೊಂಡವರು ನೂರಕ್ಕೂ ಹೆಚ್ಚು. ಎಂಟು ವರ್ಷಗಳ ನಂತರ, 2024ರ ಮೇ 23ರ ಮಧ್ಯಾಹ್ನ, ಅದೇ ಎಂಐಡಿಸಿಯ ಎರಡನೇ ಹಂತದಲ್ಲಿ ಅಮುದಾನ್ ಕೆಮಿಕಲ್ಸ್ ಸಿಡಿಯಿತು. ಸತ್ತವರ ಲೆಕ್ಕ ಈ ಸಲವೂ ಹತ್ತನ್ನು ದಾಟಿತು. ಎರಡೂ ಸಲ ಮೊದಲ ಗಂಟೆಯಲ್ಲಿ ಕಲ್ಯಾಣದಿಂದ ಥಾಣೆಯವರೆಗೆ ಎಲ್ಲರ ಬಾಯಲ್ಲಿ ಇದ್ದ ಪದ ಒಂದೇ: ಬಾಯ್ಲರ್. ಟಿವಿಯಲ್ಲಿ ಬಾಯ್ಲರ್, ಫೋನಿನಲ್ಲಿ ಬಾಯ್ಲರ್, ಮಂತ್ರಿಗಳ ಸಂತಾಪದಲ್ಲಿ ಬಾಯ್ಲರ್, ಊರಿನಿಂದ ‘ನೀವು ಸುರಕ್ಷಿತವಾ?’ ಎಂದು ಕೇಳಿದ ಬಂಧುಗಳ ಮಾತಿನಲ್ಲೂ ಬಾಯ್ಲರ್.

ಈ ಬರಹ ಆ ಒಂದು ಪದದ ವಿಮರ್ಶೆ. ಕಾವ್ಯದ ಪದವೊಂದನ್ನು ಹಿಡಿದು ಪುಟಗಟ್ಟಲೆ ಬರೆಯುವ ನಾವು ಸುದ್ದಿಯ ಪದವೊಂದಕ್ಕೆ ಅಷ್ಟು ಗಮನ ಕೊಡುವುದಿಲ್ಲ. ತಂತ್ರಜ್ಞಾನದ ಸುದ್ದಿ, ವಿಜ್ಞಾನದ ಸುದ್ದಿ, ಕಾಯ್ದೆ ಕಾನೂನಿನ ಸುದ್ದಿ ಎಲ್ಲವನ್ನೂ ಚಹಾದ ಜೊತೆ ಮುಗಿಸುವುದು ನಮ್ಮ ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಹರಟೆಯಲ್ಲಿ ಆಯ್ದುಕೊಂಡ ಪದವೇ ಮುಂದೆ ಯಾರನ್ನು ಪ್ರಶ್ನೆ ಕೇಳಬೇಕು ಎಂಬುದನ್ನು ತೀರ್ಮಾನಿಸಿಬಿಡುತ್ತದೆ ಎನ್ನುವುದು ನನ್ನ ವಾದ.

ಬಾಯ್ಲರ್ ಎಂದರೆ ನೀರು ಕಾಯಿಸಿ ಉಗಿ ಮಾಡುವ ಮುಚ್ಚಿದ ಪಾತ್ರೆ. ಒತ್ತಡದಲ್ಲಿರುವ ಆ ಉಗಿಯನ್ನು ಕೊಳವೆಯಲ್ಲಿ ಬೇರೆಡೆಗೆ ಒಯ್ದು ಬಳಸುತ್ತಾರೆ. ಇದಕ್ಕೆ 1923ರಷ್ಟು ಹಳೆಯ ಪ್ರತ್ಯೇಕ ಕಾಯ್ದೆಯೇ ಇತ್ತು. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸದನ್ನು ತಂದಿತು. ವ್ಯವಸ್ಥೆಯ ಬುನಾದಿ ಮಾತ್ರ ಅದೇ: ನೋಂದಣಿ, ಕಾಲಕಾಲಕ್ಕೆ ತಪಾಸಣೆ, ಪ್ರಮಾಣಪತ್ರ. ಬಾಯ್ಲರ್ ಒಡೆದರೆ ಕೇಳಬೇಕಾದ ಪ್ರಶ್ನೆಗಳು ಇಂಥವು: ತಗಡು ಸವೆದಿತ್ತೇ? ಸೇಫ್ಟಿ ವಾಲ್ವ್ ಕೆಲಸ ಮಾಡಿತೇ? ನೀರಿನ ಮಟ್ಟ ಇಳಿದದ್ದನ್ನು ಯಾರಾದರೂ ನೋಡಿದರೇ? ಪ್ರಮಾಣಪತ್ರದ ಅವಧಿ ಮುಗಿದಿತ್ತೇ?

ರಿಯಾಕ್ಟರ್ ಬೇರೆಯೇ ವಸ್ತು. ಒಂದು ರಾಸಾಯನಿಕವನ್ನು ಇನ್ನೊಂದರ ಜೊತೆ ಬೆರೆಸಿ ಮೂರನೆಯದನ್ನು ಮಾಡುವ ಪಾತ್ರೆ ಅದು. ಅಲ್ಲಿ ಅಪಾಯ ಪಾತ್ರೆಯ ತಗಡಿನಲ್ಲಿರುವುದಕ್ಕಿಂತ ಒಳಗಿನ ಕ್ರಿಯೆಯಲ್ಲಿರುತ್ತದೆ. ಹಸಿ ಹುಲ್ಲನ್ನೇ ಬಣವೆ ಹಾಕಿದರೆ ಅದು ಒಳಗೊಳಗೇ ಬಿಸಿಯಾಗಿ ಒಂದು ದಿನ ತಾನೇ ಹೊತ್ತಿಕೊಳ್ಳಬಹುದು ಎಂದು ಊರಿನ ಹಿರಿಯರು ಎಚ್ಚರಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ತರ್ಕ. ಕ್ರಿಯೆ ಶಾಖ ಕೊಡುತ್ತದೆ, ಶಾಖ ಕ್ರಿಯೆಯನ್ನು ಚುರುಕು ಮಾಡುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಕಾಲೇಜಿನಲ್ಲಿ ಕಲಿಸುವ ಅಂದಾಜು. ಹೊರಗಿನಿಂದ ತಂಪು ಮಾಡುವ ವ್ಯವಸ್ಥೆಗೆ ಅಷ್ಟು ಓಟ ಇರುವುದಿಲ್ಲ. ಒಂದು ಹಂತದ ನಂತರ ಶಾಖ ಹುಟ್ಟುವ ವೇಗ, ಶಾಖ ಹೊರಹೋಗುವ ವೇಗವನ್ನು ಹಿಂದೆ ಹಾಕುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಹಾಗಾಗಿ ರಿಯಾಕ್ಟರ್ ಸಿಡಿದಾಗ ಪ್ರಶ್ನೆಗಳೂ ಬೇರೆ: ಏನನ್ನು, ಯಾವ ಪ್ರಮಾಣದಲ್ಲಿ ಬೆರೆಸುತ್ತಿದ್ದರು? ಅಂಗಳದಲ್ಲಿ ಎಷ್ಟು ದಾಸ್ತಾನು ಇತ್ತು? ತಂಪು ಮಾಡುವ ನೀರು ನಿಂತರೆ ಎರಡನೆಯ ಏರ್ಪಾಟು ಏನು? ಆ ಪಾಳಿಯಲ್ಲಿ ನಿಂತ ಗುತ್ತಿಗೆ ಕಾರ್ಮಿಕನಿಗೆ ಆ ಡ್ರಮ್ಮಿನ ಮೇಲಿನ ಹೆಸರನ್ನು ಯಾರಾದರೂ ಓದಿ ಹೇಳಿದ್ದರೇ?

ಪ್ರಶ್ನೆ ಬದಲಾದರೆ ಉತ್ತರ ಕೊಡಬೇಕಾದ ಕಚೇರಿಯೂ ಬದಲಾಗುತ್ತದೆ. ಕರ್ನಾಟಕದಿಂದ ಬಂದ ನಮಗೆ ಇದು ಸುಲಭವಾಗಿ ಹೊಳೆಯದಿರಲು ಒಂದು ಕಾರಣವೂ ಇದೆ. ಅಲ್ಲಿ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮೂರೂ ಒಂದೇ ಇಲಾಖೆಯ ಹೆಸರಿನಲ್ಲಿವೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಇಲ್ಲಿ ಬಾಯ್ಲರನ್ನು ನೋಡಿಕೊಳ್ಳುವ ಸಂಚಾಲನಾಲಯ ಬೇರೆ. ಮರಾಠಿಯ ಸರಕಾರಿ ಫಲಕದಲ್ಲಿ ಅದಕ್ಕೆ ‘ಬಾಷ್ಪಕೆ’ ಎಂಬ ಸೊಗಸಾದ ಹೆಸರಿದೆ. ಕಾರ್ಖಾನೆಯ ಒಳಗಿನ ರಾಸಾಯನಿಕ ಕ್ರಿಯೆಯ ಸುರಕ್ಷತೆಗೆ ಔದ್ಯೋಗಿಕ ಸುರಕ್ಷಾ ಮತ್ತು ಆರೋಗ್ಯ ಸಂಚಾಲನಾಲಯ ಬೇರೆ. ಹೊಗೆ, ಕೊಳಚೆ ನೀರಿನ ಲೆಕ್ಕ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕಾರ್ಖಾನೆಗೂ ವಸತಿ ಕಟ್ಟಡಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಯೋಜನಾ ಪ್ರಾಧಿಕಾರದ ಮೇಜಿನದು. ನಾವು ‘ಬಾಯ್ಲರ್’ ಎಂದ ಕ್ಷಣ ಇವರಲ್ಲಿ ಒಬ್ಬರ ಕಡೆಗೆ ಮಾತ್ರ ಬೆರಳು ತಿರುಗುತ್ತದೆ. ಉಳಿದವರಿಗೆ ಅಂದಿನ ಮಟ್ಟಿಗೆ ಬಿಡುಗಡೆ.

2024ರಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ಮೊದಲ ದಿನದ ಚರ್ಚೆ ಬಾಯ್ಲರ್ ನೋಂದಣಿಯಾಗಿತ್ತೇ ಇಲ್ಲವೇ ಎಂಬುದರ ಸುತ್ತ ತಿರುಗಿತು. ಅಧಿಕಾರಿಗಳ ಮಾತು ರಿಯಾಕ್ಟರಿನತ್ತ, ಪೆರಾಕ್ಸೈಡುಗಳತ್ತ ಹೊರಳುವ ಹೊತ್ತಿಗೆ ಜನರ ಗಮನ ಲೋಕಸಭಾ ಚುನಾವಣೆಯ ಫಲಿತಾಂಶದ ಕಡೆ ಹೋಗಿತ್ತು. ಪ್ರೊಬೇಸ್ ವಿಷಯದಲ್ಲಿ ಇನ್ನೂ ತಡ. ತನಿಖಾ ಸಮಿತಿಯ ವರದಿಯಲ್ಲಿ ಏನಿದೆ ಎಂದು ಸಾರ್ವಜನಿಕರಿಗೆ ತಿಳಿದದ್ದು ಸುಮಾರು ಎರಡು ವರ್ಷ ಕಳೆದ ಮೇಲೆ, ಅದೂ ಮಾಹಿತಿ ಹಕ್ಕಿನ ಅರ್ಜಿಯ ದಾರಿಯಲ್ಲಿ. ಆ ವರದಿ ಬೊಟ್ಟು ಮಾಡಿದ್ದು ಪ್ರೊಪಾರ್ಜಿಲ್ ಕ್ಲೋರೈಡ್ ಎಂಬ, ತೀರಾ ಬೇಗ ಹೊತ್ತಿಕೊಳ್ಳುವ, ಮುಚ್ಚಿದ ಜಾಗದಲ್ಲಿ ಬಿಸಿಯಾದರೆ ಸಿಡಿಯಬಲ್ಲ ದ್ರವವನ್ನು ಬಳಸುವಲ್ಲಿ ಆದ ನಿರ್ಲಕ್ಷ್ಯದ ಕಡೆಗೆ. ಇಂದಿಗೂ ಡೊಂಬಿವಲಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಪ್ರೊಬೇಸ್ ಎಂದರೆ ‘ಆ ಬಾಯ್ಲರ್ ಬ್ಲಾಸ್ಟ್’ ಎನ್ನುತ್ತಾರೆ. ವರದಿ ಬಂತು, ಪದ ಕದಲಲಿಲ್ಲ.

ಬಾಯ್ಲರ್ ಎಂಬ ಪದ ನಮಗೆ ಇಷ್ಟು ಹಿತವಾಗಲು ಏನು ಕಾರಣ? ಮೊದಲನೆಯದು ಪರಿಚಯ. ಊರಿನ ಬಚ್ಚಲಮನೆಯಲ್ಲಿ ಬಾಯ್ಲರ್ ಇತ್ತು, ಅಕ್ಕಿ ಗಿರಣಿಯಲ್ಲಿ ಇತ್ತು, ಉಗಿಬಂಡಿಯಲ್ಲಿ ಇತ್ತು. ಕುಕ್ಕರ್ ಸಿಡಿಯುವುದನ್ನು ನೋಡಿದವರಿಗೆ ಬಾಯ್ಲರ್ ಸಿಡಿಯುವುದು ಅರ್ಥವಾಗುತ್ತದೆ. ರಿಯಾಕ್ಟರ್ ಎಂದರೆ ಕನ್ನಡಿಗನ ಕಣ್ಣಿಗೆ ಬರುವುದು ಕೈಗಾ, ಮುಂಬಯಿ ಕನ್ನಡಿಗನಿಗೆ ಟ್ರಾಂಬೆ ಅಥವಾ ತಾರಾಪುರ. ‘ರಿಯಾಕ್ಟರ್ ಸ್ಫೋಟ’ ಎಂದು ಬರೆದರೆ ಓದುಗ ಅಣುವಿಕಿರಣ ಎಂದು ಗಾಬರಿಯಾದಾನು ಎಂಬ ಹಿಂಜರಿಕೆ ಸುದ್ದಿ ಬರೆಯುವವರಿಗೂ ಇರಬಹುದು. ಎರಡನೆಯ ಕಾರಣ ಇನ್ನೂ ಮುಖ್ಯ. ಬಾಯ್ಲರ್ ಒಂದು ಯಂತ್ರ, ಯಂತ್ರ ಕೆಡುತ್ತದೆ. ಕೆಟ್ಟ ಯಂತ್ರದ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ರಿಯಾಕ್ಟರಿನೊಳಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎನ್ನುವುದನ್ನು ಮಾತ್ರ ಒಬ್ಬ ಮನುಷ್ಯ ತೀರ್ಮಾನಿಸಿರುತ್ತಾನೆ.

ಇಲ್ಲಿಂದ ನಮ್ಮ ಸುದ್ದಿಗನ್ನಡದ ಕಡೆ ಹೊರಳೋಣ. ಬೆಂಕಿಯ ಸುದ್ದಿ ಬರೆಯಲು ಕನ್ನಡದಲ್ಲಿ ಸಿದ್ಧ ಅಚ್ಚುಗಳಿವೆ. ಬೆಂಕಿಗೆ ಯಾವಾಗಲೂ ‘ಕೆನ್ನಾಲಿಗೆ’ ಇರುತ್ತದೆ. ಕಾರ್ಖಾನೆ ‘ಅಗ್ನಿಗೆ ಆಹುತಿ’ಯಾಗುತ್ತದೆ. ಘಟನೆ ‘ಅವಘಡ’, ಅದು ‘ಸಂಭವಿಸುತ್ತದೆ’. ಸತ್ತವರು ‘ಮೃತ ದುರ್ದೈವಿಗಳು’. ಒಂದೊಂದನ್ನೂ ಬಿಡಿಸಿ ನೋಡಿ. ಆಹುತಿ ಎನ್ನುವುದು ಹೋಮದ ಪದ. ಅಲ್ಲಿ ಅರ್ಪಿಸುವವನೊಬ್ಬ ಇರುತ್ತಾನೆ, ಸುದ್ದಿಯಲ್ಲಿ ಅವನಿಲ್ಲ. ಅವಘಡ ತಾನಾಗಿ ಸಂಭವಿಸಿದರೆ ಅದನ್ನು ತಡೆಯಬೇಕಾಗಿದ್ದವರು ಯಾರೂ ಇರಲಿಲ್ಲ ಎಂದಾಯಿತು. ಸತ್ತವನು ದುರ್ದೈವಿಯಾದರೆ ದೋಷ ಅವನ ದೈವದ್ದು. ಎಂಟುಗಂಟೆ ಪಾಳಿಗೆ ಅವನನ್ನು ಅಲ್ಲಿ ನಿಲ್ಲಿಸಿದ ಗುತ್ತಿಗೆದಾರನದ್ದಲ್ಲ. ಇವು ಬರೀ ಸವಕಲು ಮಾತುಗಳು ಎಂದು ನಗುವವರಿದ್ದಾರೆ. ಸವಕಲಾಗಿದ್ದರೂ ಕೆಲಸವನ್ನು ಮಾತ್ರ ಚೆನ್ನಾಗಿಯೇ ಮಾಡುತ್ತಿವೆ: ವಾಕ್ಯದಿಂದ ಕರ್ತೃವನ್ನು ತೆಗೆದುಹಾಕುವ ಕೆಲಸ.

ಇವೆಲ್ಲವುಗಳ ದೊಡ್ಡಣ್ಣ ‘ಎನ್ನಲಾಗಿದೆ’. ‘ಬಾಯ್ಲರ್ ಸ್ಫೋಟವೇ ಕಾರಣ ಎನ್ನಲಾಗಿದೆ.’ ಯಾರು ಅಂದರು? ಅಗ್ನಿಶಾಮಕ ದಳದವರೇ, ಪಕ್ಕದ ಅಂಗಡಿಯವರೇ, ಇನ್ನೊಂದು ಚಾನೆಲ್ಲೇ? ಗೊತ್ತಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಕಳಚಿ ಬೀಳುವುದೂ ಈ ‘ಎನ್ನಲಾಗಿದೆ’ಯೇ. ಸಂಜೆಯ ಹೊತ್ತಿಗೆ ಉಳಿಯುವುದು ‘ಬಾಯ್ಲರ್ ಸ್ಫೋಟವೇ ಕಾರಣ’. ಕೊನೆಯ ಸಾಲು ‘ತನಿಖೆಗೆ ಆದೇಶಿಸಲಾಗಿದೆ’. ಕನ್ನಡದ ಸುದ್ದಿಯಲ್ಲಿ ಈ ಸಾಲು ಪೂರ್ಣವಿರಾಮದ ಕೆಲಸ ಮಾಡುತ್ತದೆ. ತನಿಖೆ ಶುರುವಾಯಿತು ಎಂದರೆ ಸುದ್ದಿ ಮುಗಿಯಿತು ಎಂದರ್ಥ.

ಬೇರೆ ರೀತಿ ಬರೆಯಲು ಬರುತ್ತದೆಯೇ? ಖಂಡಿತ ಬರುತ್ತದೆ. ‘ಪೆರಾಕ್ಸೈಡ್ ಬಳಸುವ ಕಾರ್ಖಾನೆಯಲ್ಲಿ ಸ್ಫೋಟವಾಗಿದೆ. ಏನು ಸಿಡಿಯಿತು ಎಂದು ಇನ್ನೂ ಗೊತ್ತಾಗಿಲ್ಲ. ಈ ಕಾರ್ಖಾನೆಯ ಸುರಕ್ಷತೆಯನ್ನು ನೋಡಬೇಕಾದ ಕಚೇರಿ ಇಂಥದ್ದು. ಕೊನೆಯ ಸಲ ಯಾವಾಗ ತಪಾಸಣೆ ಮಾಡಿತ್ತು ಎಂದು ಅದು ಹೇಳಿಲ್ಲ.’ ನಾಲ್ಕು ವಾಕ್ಯ. ಯಾವ ಪರಿಭಾಷೆಯೂ ಬೇಕಾಗಲಿಲ್ಲ, ಕೆನ್ನಾಲಿಗೆಯೂ ಬೇಕಾಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ವಾಕ್ಯಕ್ಕೂ ಒಂದು ಜಾಗ ಬೇಕು, ಅಷ್ಟೆ.

ಪತ್ರಿಕೆಯವರನ್ನು ಬೈದು ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಹರಟೆಗೂ ಮೂರು ಅಚ್ಚುಗಳಿವೆ. ಒಂದು ತಮಾಷೆ. 2020ರ ಫೆಬ್ರುವರಿಯಲ್ಲಿ ಡೊಂಬಿವಲಿ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಪ್ರೇಮಿಗಳ ದಿನಕ್ಕೆ ಊರು ಸಿಂಗಾರಗೊಂಡಿದೆ ಎಂಬ ಜೋಕು ಹಬ್ಬಿತು. ಎರಡನೆಯದು ತಜ್ಞನ ಗತ್ತು: ಎಂಜಿನಿಯರಿಂಗ್ ಓದಿದ ಪ್ರತಿಯೊಬ್ಬನೂ ಫೋಟೋ ನೋಡಿ ಕಾರಣ ಹೇಳಿಬಿಡುವುದು. ಮೂರನೆಯದು ನಿಟ್ಟುಸಿರು: ‘ಎಲ್ಲಾ ಸೆಟ್ಟಿಂಗು, ಈ ದೇಶದಲ್ಲಿ ಏನೂ ಆಗುವುದಿಲ್ಲ.’ ಮೂರಕ್ಕೂ ಧ್ವನಿ ಬೇರೆ, ಫಲ ಒಂದೇ. ನಗು ಬಂತು, ಉತ್ತರ ಸಿಕ್ಕಿತು, ಆಸೆ ಬಿಟ್ಟಾಯಿತು. ಮೂರರಲ್ಲಿ ಯಾವುದಾದರೂ ಪ್ರಶ್ನೆಯ ಅಗತ್ಯ ಮುಗಿಯಿತು.

ಹರಟೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಗುಲಾಬಿ ರಸ್ತೆ ಸುದ್ದಿಯಾದದ್ದು ಜನ ಫೋಟೋ ತೆಗೆದು ಹಂಚಿದ್ದರಿಂದ, ಜೋಕು ಮಾಡಿದ್ದರಿಂದ. ಅದಕ್ಕೆ ಮೊದಲು 2014ರಲ್ಲಿ ಇಲ್ಲಿ ಹಸಿರು ಮಳೆ ಬಿದ್ದಾಗಲೂ ಅಷ್ಟೆ. ಗುಲಾಬಿ ರಸ್ತೆಯನ್ನು ನೋಡಲು ಅಂದಿನ ಮುಖ್ಯಮಂತ್ರಿಯೇ ಬಂದರು. ತಮಾಷೆಗೆ ಅಷ್ಟು ಬಲ ಇದೆ. ಅದು ಬಾಗಿಲು ಬಡಿಯಬಲ್ಲದು. ಬಾಗಿಲು ತೆರೆದ ಮೇಲೆ ಒಳಗೆ ಹೋಗಿ ಕೂತು ಕಾಗದ ನೋಡುವವರು ಬೇಕು. ನಮ್ಮಲ್ಲಿ ಕೊರತೆ ಇರುವುದು ಅವರದ್ದು.

ನಾನು ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವನು. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಐರೋಲಿ, ಮಹಾಪೆ, ಘನ್ಸೋಲಿ ಕಡೆ ಅದೇ ಬಗೆಯ ಕೆಲಸದಲ್ಲಿರುವವರು. ಹಾಗಾಗಿ ನಮ್ಮ ಮನೆಯ ಉದಾಹರಣೆಯನ್ನೇ ಪಕ್ಕದಲ್ಲಿಡುತ್ತೇನೆ. ಅಮುದಾನ್ ಸಿಡಿದು ಎರಡು ತಿಂಗಳೂ ಆಗಿರಲಿಲ್ಲ, 2024ರ ಜುಲೈ 19ರಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಪರದೆ ನೀಲಿಯಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಮೊದಲ ಗಂಟೆಯ ಪದ ಅಲ್ಲಿಯೂ ತಪ್ಪೇ: ‘ಮೈಕ್ರೋಸಾಫ್ಟ್ ಡೌನ್’, ‘ಸೈಬರ್ ದಾಳಿ’. ಸಂಜೆಯೊಳಗೆ ಅದು ತಿದ್ದಿಹೋಯಿತು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳಿಸಿದ ದೋಷಯುಕ್ತ ಅಪ್‌ಡೇಟ್ ಫೈಲ್ ಕಾರಣ ಎಂದು ಎಲ್ಲರಿಗೂ ಗೊತ್ತಾಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ತೊಂದರೆಗೆ ಸಿಕ್ಕಿದ್ದವು. ವಾರದೊಳಗೆ ಕಂಪನಿಯ ಮೊದಲ ವರದಿ, ಆಗಸ್ಟ್ 6ಕ್ಕೆ ಮೂಲಕಾರಣದ ಪೂರ್ತಿ ವರದಿ ಬಂತು. ಯಾವ ಫೈಲು, ಎಷ್ಟನೆಯ ಅಂಕಣ, ಯಾವ ಪರೀಕ್ಷೆ ಅದನ್ನು ಹಿಡಿಯಬೇಕಿತ್ತು, ಏಕೆ ಹಿಡಿಯಲಿಲ್ಲ, ಎಲ್ಲವೂ ಅದರಲ್ಲಿತ್ತು.

ಅಲ್ಲಿ ನಾವು ಪದವನ್ನು ತಿದ್ದಿಕೊಂಡೆವು, ಇಲ್ಲಿ ತಿದ್ದಿಕೊಳ್ಳಲಿಲ್ಲ. ಒಂದು ಕಾರಣ, ಆ ವಿಷಯ ನಮ್ಮ ಸಂಬಳದ ವಿಷಯ. ಇನ್ನೊಂದು, ಓದಲು ಒಂದು ವರದಿ ಇತ್ತು. ಜೀವ ಹೋಗದ ಕಡೆ ಮೂರು ವಾರದೊಳಗೆ ವರದಿ, 12 ಜೀವ ಹೋದ ಕಡೆ ಎರಡು ವರ್ಷ ಮತ್ತು ಒಂದು ಮಾಹಿತಿ ಹಕ್ಕಿನ ಅರ್ಜಿ. ಐಟಿಯವರ ಊಟದ ಟೇಬಲ್ಲಿನಲ್ಲಿ ಈ ಎರಡು ಅವಧಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ.

‘ಸಾವು ಆದಲ್ಲಿ ಪೊಲೀಸ್ ಕೇಸು ಇರುತ್ತದೆ, ವರದಿ ಬೇಗ ಬಹಿರಂಗ ಮಾಡಲಾಗುವುದಿಲ್ಲ’ ಎಂದು ವಾದಿಸಬಹುದು. ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ಇಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ ತಿಂಗಳೊಳಗೆ, ಜುಲೈ 12ಕ್ಕೆ, ಪ್ರಾಥಮಿಕ ವರದಿ ಎಲ್ಲರ ಕೈಗೆ ಬಂತು. ಆ ವರದಿಯ ಬಗ್ಗೆ ತಕರಾರುಗಳಿದ್ದವು. ತಕರಾರು ಮಾಡಲು ಎದುರಿಗೆ ಒಂದು ಕಾಗದವಾದರೂ ಇತ್ತು. ವಿಮಾನ ಅಪಘಾತಕ್ಕೆ ಪ್ರತ್ಯೇಕ ತನಿಖಾ ಸಂಸ್ಥೆ ಇದೆ, ಕಾಲಮಿತಿಯ ರೂಢಿ ಇದೆ. ಅಮೆರಿಕದಲ್ಲಿ ರಾಸಾಯನಿಕ ಅಪಘಾತಗಳಿಗೂ ಅಂಥ ಸ್ವತಂತ್ರ ಮಂಡಳಿಯೊಂದು 1998ರಿಂದ ಕೆಲಸ ಮಾಡುತ್ತಿದೆ. ಅದರ ಗುರಿ ಶಿಕ್ಷೆ ಕೊಡುವುದಲ್ಲ, ಏನಾಯಿತು ಎಂದು ಕಂಡುಹಿಡಿದು ಎಲ್ಲರಿಗೂ ಹೇಳುವುದು. ಡೊಂಬಿವಲಿಗೆ ಬೇಕಾದದ್ದು ಇಂಥದ್ದು. ಅದನ್ನು ಕೇಳಬೇಕಾದರೆ ಮೊದಲು ನಮಗೆ ಅದರ ಕೊರತೆ ಕಾಣಬೇಕು. ‘ಬಾಯ್ಲರ್’ ಎಂದು ಸುಮ್ಮನಾದವರಿಗೆ ಕಾಣುವುದಿಲ್ಲ.

ಕನ್ನಡಕ್ಕೆ ಇಂಥ ವಿಷಯ ಬರೆಯುವ ಶಕ್ತಿ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಮಾಸಪತ್ರಿಕೆ ಶುರು ಮಾಡಿದ್ದು 1918ರಲ್ಲಿ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಅಂತರ್ಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆ ‘ವಿಶ್ವ ಕನ್ನಡ’ವನ್ನು 1996ರಲ್ಲಿ ಆರಂಭಿಸಿದ ಯು. ಬಿ. ಪವನಜ ಅವರು ಆಗ ಮುಂಬಯಿಯ ಬಾಬಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿ, ಓದಿನಿಂದ ರಸಾಯನಶಾಸ್ತ್ರದವರು. ಸಾಹಿತ್ಯದ ಕಡೆಗೆ ಬಂದರೆ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. ‘ಶಿಕಾರಿ’ಯ ನಾಗಪ್ಪ ರಾಸಾಯನಿಕ ಕಂಪನಿಯ ಅಧಿಕಾರಿ, ಕಾದಂಬರಿಯ ನಡುಬೆನ್ನು ಅಮಾನತು ಮತ್ತು ತನಿಖೆ. ತನಿಖೆ ಎಂಬ ಪದದ ಒಳಗೆ ಎಷ್ಟು ಭಯ, ಎಷ್ಟು ಆಟ ಅಡಗಿರುತ್ತದೆ ಎಂದು ಮುಂಬಯಿ ಕನ್ನಡ ಅಂದೇ ಕಂಡಿತ್ತು. ಅದೇ ಪದ ನಮ್ಮ ಸುದ್ದಿಯಲ್ಲಿ ಪೂರ್ಣವಿರಾಮವಾಗಿ ಕೂತಿದೆ.

ಆದ್ದರಿಂದ ಪರಿಭಾಷೆಯ ಕೊರತೆ ನಮ್ಮ ಸಮಸ್ಯೆಯಲ್ಲ. ನಮ್ಮ ವಿಜ್ಞಾನ ಬರವಣಿಗೆ ಬಹುಮಟ್ಟಿಗೆ ಬೆರಗಿನ ಬರವಣಿಗೆ: ನಕ್ಷತ್ರ, ಜೀವಕೋಶ, ಚಂದ್ರಯಾನ. ನಮ್ಮ ಗ್ಯಾಜೆಟ್ ಬರವಣಿಗೆ ಕೊಳ್ಳುವವನಿಗೆ ಸಲಹೆ. ನಿಯಮದ ಬಗ್ಗೆ, ಅಂದರೆ ಯಾರು ಯಾರಿಗೆ ಏನು ಹೇಳಲೇಬೇಕು ಎಂಬುದರ ಬಗ್ಗೆ, ಬರೆಯುವುದು ನೀರಸ ಎಂದು ಬಿಟ್ಟಿದ್ದೇವೆ. ಆ ನೀರಸದ ನಡುವೆಯೇ ನಮಗೆ ಬೇಕಾದ ಸಾಲುಗಳಿವೆ. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವೊಂದನ್ನು ಸೇರಿಸಿದರು. ಅದರ 41ಬಿ ಕಲಮಿನ ಪ್ರಕಾರ, ಒಳಗಿನ ಅಪಾಯವೇನು, ಅದನ್ನು ಎದುರಿಸುವ ಕ್ರಮವೇನು ಎಂಬ ಮಾಹಿತಿಯನ್ನು ಕಾರ್ಖಾನೆ ನಡೆಸುವವನು ಕಾರ್ಮಿಕರಿಗೆ, ಅಧಿಕಾರಿಗಳಿಗೆ ಮಾತ್ರವಲ್ಲ, ಸುತ್ತಮುತ್ತ ವಾಸಿಸುವ ಸಾರ್ವಜನಿಕರಿಗೂ ಕೊಡಬೇಕು. 2016ರಲ್ಲೂ 2024ರಲ್ಲೂ ಈ ಕಲಮು ಜಾರಿಯಲ್ಲಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಾಗಲೂ ಮಾಹಿತಿ ಕೊಡುವ ಹೊಣೆ ಉಳಿದುಕೊಂಡಿದೆ. ಎಂಐಡಿಸಿ ವಸತಿ ವಲಯದಲ್ಲಿ ಮನೆ ಕೊಂಡ ನಮ್ಮವರು ಸಾಕಷ್ಟು ಮಂದಿ. ಪಾರ್ಕಿಂಗ್ ಬಗ್ಗೆ ಬಿಲ್ಡರನನ್ನು ಹತ್ತು ಸಲ ಕೇಳಿದವರು, ಗೋಡೆಯಾಚೆಯ ಕಾರ್ಖಾನೆ ಏನು ತಯಾರಿಸುತ್ತದೆ ಎಂದು ಒಂದು ಸಲ ಕೇಳಿದ್ದಾರೆಯೇ? ಕೇಳುವ ಹಕ್ಕು ಇದೆ ಎಂದು ಕನ್ನಡದಲ್ಲಿ ಅವರಿಗೆ ಯಾರು ಹೇಳಿದ್ದಾರೆ?

ಈಗ ಚಾಲ್ತಿಯಲ್ಲಿರುವ ಇನ್ನೊಂದು ಸುಲಭದ ಪದ ‘ಸ್ಥಳಾಂತರ’. ಅಪಾಯಕಾರಿ ಘಟಕಗಳನ್ನು ಪಾತಾಳಗಂಗೆಯ ಕಡೆ ಕಳಿಸುತ್ತೇವೆ ಎಂಬ ಮಾತು ಸ್ಫೋಟವಾದಾಗಲೆಲ್ಲ ಕೇಳಿಬರುತ್ತದೆ. ಕೇಳಲು ಸಮಾಧಾನ. ಪಾತಾಳಗಂಗೆಯಲ್ಲೂ ಊರುಗಳಿವೆ, ಪಾಳಿಯಲ್ಲಿ ನಿಲ್ಲುವವರಿದ್ದಾರೆ. ತಪಾಸಣೆಯ ಕ್ರಮ ಬದಲಾಗದೆ ವಿಳಾಸ ಮಾತ್ರ ಬದಲಾದರೆ ಸುದ್ದಿಯ ಊರಿನ ಹೆಸರು ಬದಲಾಗುತ್ತದೆ, ಅಷ್ಟೆ. ಬಾಯ್ಲರಿನಂತೆ ಈ ಪದವನ್ನೂ ಬಿಡಿಸಿ ನೋಡದೆ ಒಪ್ಪಿಕೊಳ್ಳಬಾರದು.

ನಮ್ಮಂಥ ಸಣ್ಣ ಪತ್ರಿಕೆ ಮಾಡಬಹುದಾದದ್ದು ಏನು? ಮೊದಲ ದಿನದ ಓಟದಲ್ಲಿ ನಾವು ಟಿವಿಯನ್ನು ಗೆಲ್ಲಲಾರೆವು, ಗೆಲ್ಲಬೇಕಾಗಿಯೂ ಇಲ್ಲ. ನಮಗೆ ಒಗ್ಗುವುದು ಎರಡನೆಯ ಬರಹ. ಆರು ತಿಂಗಳ ನಂತರದ್ದು, ವರ್ಷದ ನಂತರದ್ದು. ವರದಿ ಬಂತೇ, ಬಂದಿದ್ದರೆ ಏನು ಹೇಳಿತು, ಯಾವ ಪದ ತಪ್ಪಾಗಿತ್ತು, ಯಾವ ಕಚೇರಿ ಇನ್ನೂ ಉತ್ತರಿಸಿಲ್ಲ. ಪರವೂರಿನಲ್ಲಿರುವ ನಮಗೆ ಮರಾಠಿ ಕಾಗದ ಓದಲು ಬರುತ್ತದೆ, ಇಂಗ್ಲಿಷ್ ಕಾಯ್ದೆ ಓದಲು ಬರುತ್ತದೆ, ಕನ್ನಡದಲ್ಲಿ ಬರೆಯಲು ಬರುತ್ತದೆ. ಈ ಮೂರೂ ಒಟ್ಟಿಗೆ ಇರುವವರು ಹೆಚ್ಚಿಲ್ಲ. ಡೊಂಬಿವಲಿಯ ಎರಡು ಸ್ಫೋಟಗಳಲ್ಲಿ ಒಂದರ ವರದಿಯ ಸಾರವಾದರೂ ಕನ್ನಡದಲ್ಲಿ ನಾಲ್ಕು ಪುಟ ಬರಲಿ. ಅಲ್ಲಿಯವರೆಗೆ ಏನು ಸಿಡಿಯಿತು ಎಂದು ಯಾರಾದರೂ ಕೇಳಿದರೆ ‘ಕಾರ್ಖಾನೆ ಸಿಡಿಯಿತು’ ಎನ್ನೋಣ. ಗೊತ್ತಿರುವಷ್ಟು ಹೇಳಿದಂತಾಗುತ್ತದೆ, ಮುಂದಿನ ಪ್ರಶ್ನೆಗೂ ಜಾಗ ಉಳಿಯುತ್ತದೆ.